ಗೂಡ್ಸ್ ವ್ಯಾಗನ್ನಿನ ಅಳತೆ ನಕ್ಷೆ ಎಲ್ಲರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪುಟ್ಟ ರೈಲುಗಳನ್ನು ಮಾಡುವ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ತುಂಬಾ ಖುಷಿಯಾಯಿತು. ಜೊತೆಗಿದ್ದ ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ಉಗಿ ಎಂಜಿನ್ ಇತ್ತು, ಡೀಸೆಲ್ ಎಂಜಿನ್ ಇತ್ತು, ವಂದೇ ಭಾರತ್ ಇತ್ತು. ಗೂಡ್ಸ್ ವ್ಯಾಗನ್ ಮಾತ್ರ ಒಂದೂ ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ಟ್ರೇನ್ ಎಕ್ಸಾಮಿನರ್ ಆಗಿ ದುಡಿದವನು. ನಮ್ಮವರ ಬಾಯಲ್ಲಿ ಅದು ಟಿಎಕ್ಸ್‌ಆರ್. ರೇಕ್, ಅಂದರೆ ಒಂದು ಗಾಡಿಯ ವ್ಯಾಗನ್‌ಗಳ ಪೂರ್ತಿ ಸಾಲು, ಬಂದು ನಿಂತ ಕೂಡಲೇ ಎರಡೂ ಪಕ್ಕ ನಡೆದು, ಚಕ್ರ, ಸ್ಪ್ರಿಂಗ್, ಬ್ರೇಕ್ ಬ್ಲಾಕ್, ಕಪ್ಲಿಂಗ್ ನೋಡಿ, ಆಕ್ಸಲ್ ಬಾಕ್ಸ್ ಬಿಸಿಯಾಗಿದೆಯಾ ಅಂತ ಕೈಯಿಟ್ಟು ನೋಡುವ ಕೆಲಸ. ನಿವೃತ್ತಿಯ ನಂತರ ಮನೆಯ ಮಹಡಿಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಅದೇ ವ್ಯಾಗನ್‌ಗಳನ್ನು ಚಿಕ್ಕದಾಗಿ ಮಾಡುತ್ತೇನೆ. ಎಂಜಿನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ವ್ಯಾಗನ್ ಸಾಕು.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗೂಡ್ಸ್ ವ್ಯಾಗನ್‌ಗಳ ಪೂರ್ತಿ ಅಳತೆ ನಕ್ಷೆಗಳನ್ನು, ಅದರಲ್ಲೂ ಓಡಾಟ ನಿಲ್ಲಿಸಿದ ಹಳೇ ವ್ಯಾಗನ್‌ಗಳ ನಕ್ಷೆಗಳನ್ನು, ರೈಲ್ವೆ ಇಲಾಖೆ ಸಾರ್ವಜನಿಕರ ಕೈಗೆ ಸಿಗುವ ಹಾಗೆ ಮಾಡಬೇಕು. ವರ್ಷಕ್ಕೆ ಒಂದು ದಿನವಾದರೂ ಹವ್ಯಾಸಿಗಳು ಸಿಬ್ಬಂದಿಯ ಜೊತೆಗೇ ಹೋಗಿ ವ್ಯಾಗನ್ ಅಳೆದುಕೊಳ್ಳಲು ಬಿಡಬೇಕು. ಇಷ್ಟೇ. ಯಾಕೆ ಬೇಕು ಅನ್ನುವುದಕ್ಕೆ ಒಂದು ವ್ಯಾಗನ್ನಿನ ಮಾದರಿ ಹೇಗೆ ಆಗುತ್ತದೆ ಅಂತ ಹೇಳಬೇಕು.

ನಮ್ಮ ಕಡೆ ಎಲ್ಲರೂ ನೋಡಿರುವ ವ್ಯಾಗನ್ ಅಂದರೆ ಬಾಕ್ಸ್‌ಎನ್. ಮೇಲೆ ಮುಚ್ಚಳ ಇಲ್ಲದ, ಎಂಟು ಚಕ್ರದ, ಕಂದುಗೆಂಪು ಬಣ್ಣದ ಡಬ್ಬ. 1980ರ ದಶಕದಲ್ಲಿ ಬಂತು. ನಮ್ಮ ಹೊಸಪೇಟೆ, ಸಂಡೂರು ಕಡೆಯ ವ್ಯಾಸನಕೆರೆ, ಸ್ವಾಮಿಹಳ್ಳಿ, ರಣಜಿತ್‌ಪುರದಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಹೋಗಿದ್ದು ಇದೇ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತು ತಂದಿದ್ದೂ ಇದೇ. ನಮ್ಮ ಮನೆಯ ದೀಪ ಉರಿದಿದ್ದರ ಹಿಂದೆ ಈ ಡಬ್ಬಗಳಿವೆ. ಹಾಗಿದ್ದೂ ಲೆವೆಲ್ ಕ್ರಾಸಿಂಗ್‌ನಲ್ಲಿ ಗೇಟ್ ಹಾಕಿದಾಗ ಬೈಕೊಳ್ಳುವುದು ಬಿಟ್ಟರೆ ಯಾರೂ ಇದರ ಕಡೆ ತಿರುಗಿ ನೋಡುವುದಿಲ್ಲ.

ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಗೆ ಕಪ್ಲರ್ ಅನ್ನುತ್ತೇವೆ. ಬಾಕ್ಸ್‌ಎನ್ ಒಂದು ಕಪ್ಲರ್‌ನಿಂದ ಇನ್ನೊಂದು ಕಪ್ಲರ್‌ವರೆಗೆ 10,713 ಮಿಲಿಮೀಟರ್ ಉದ್ದ. ಅಗಲ 3,200. ಹಳಿಯಿಂದ ಎತ್ತರ 3,225. ಹವ್ಯಾಸಿಗಳು ಜಾಸ್ತಿ ಬಳಸುವುದು ಎಚ್‌ಒ ಅನ್ನುವ ಅಳತೆ. ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಹಾಗೆ ಇಳಿಸಿದರೆ ವ್ಯಾಗನ್ 123 ಮಿ.ಮೀ. ಉದ್ದ, 37 ಮಿ.ಮೀ. ಅಗಲ, ಎತ್ತರವೂ ಅಷ್ಟೇ. ಅಂಗೈ ಮೇಲೆ ಕೂರುತ್ತದೆ. ಇಲ್ಲಿಯವರೆಗೆ ಬರೀ ಲೆಕ್ಕ. ಕಷ್ಟ ಶುರುವಾಗುವುದು ಆಮೇಲೆ.

ಮೊದಲನೇ ಕಷ್ಟ ಹಳಿ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ದೂರ, 16.5 ಮಿ.ಮೀ. ಅದು ಅಮೆರಿಕ, ಯುರೋಪಿನ 1,435 ಮಿ.ಮೀ. ಹಳಿಗೆ ಸರಿಯಾದ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಜಾಸ್ತಿ ಬರುತ್ತದೆ. ಹೆಚ್ಚುಕಮ್ಮಿ ಮೂರು ಮಿ.ಮೀ. ವ್ಯತ್ಯಾಸ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ. ಎದುರಿನಿಂದ ನೋಡಿದರೆ ಅಗಲವಾದ ಡಬ್ಬದ ಕೆಳಗೆ ಚಕ್ರಗಳು ಒಳಗೆ ಸೇರಿಕೊಂಡಂತೆ ಕಾಣುತ್ತವೆ. 16.5 ಹಳಿಯನ್ನೇ ಬ್ರಾಡ್‌ಗೇಜ್ ಅಂತ ಇಟ್ಟುಕೊಂಡು ಅದಕ್ಕೆ ತಕ್ಕಂತೆ ವ್ಯಾಗನ್ ಮಾಡಲು ಹೊರಟರೆ ಅಳತೆ ಸುಮಾರು 102ರಲ್ಲಿ ಒಂದು ಆಗುತ್ತದೆ. ಆ ಅಳತೆಗೆ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ಅದಕ್ಕೇ ನಾವು ಹಳಿಯ ವಿಷಯದಲ್ಲಿ ರಾಜಿಯಾಗುತ್ತೇವೆ. ಡಬ್ಬದ ವಿಷಯದಲ್ಲಿ ರಾಜಿ ಇಲ್ಲ.

ಚಕ್ರದ ಗಾಡಿ, ಅಂದರೆ ಬೋಗಿ, ಎರಡನೇ ಮಾತು. ಬಾಕ್ಸ್‌ಎನ್ ಕೆಳಗಿರುವುದು ಕ್ಯಾಸ್ನಬ್ ಬೋಗಿ. ಎರಕ ಹೊಯ್ದ ಉಕ್ಕಿನದು. ಎರಡು ಪಕ್ಕದ ಚೌಕಟ್ಟು, ನಡುವೆ ಅಡ್ಡಲಾಗಿ ಒಂದು ಬೋಲ್‌ಸ್ಟರ್, ಅದನ್ನು ಹೊತ್ತ ಸ್ಪ್ರಿಂಗ್‌ಗಳ ಗುಂಪು. ಅಮೆರಿಕದ ಗೂಡ್ಸ್ ಗಾಡಿಗಳ ಬೋಗಿಯೂ ಇದೇ ಜಾತಿಯದು. ಹಾಗಾಗಿ ಅನೇಕರು ಅಮೆರಿಕದ ಮಾದರಿಗಳ ಬೋಗಿ ತರಿಸಿ ಬಾಕ್ಸ್‌ಎನ್ ಕೆಳಗೆ ಕೂರಿಸಿಬಿಡುತ್ತಾರೆ. ದೂರದಿಂದ ಸರಿಯಾಗೇ ಕಾಣುತ್ತದೆ. ಆದರೆ ಕ್ಯಾಸ್ನಬ್‌ನಲ್ಲಿ ಎರಡು ಆಕ್ಸಲ್‌ಗಳ ನಡುವಿನ ದೂರ 2,000 ಮಿ.ಮೀ., ಮಾದರಿಯಲ್ಲಿ 23. ಅಮೆರಿಕದ್ದು 20ರ ಆಸುಪಾಸು. ನಮ್ಮ ಚಕ್ರ ಒಂದು ಮೀಟರ್ ವ್ಯಾಸದ್ದು, ಮಾದರಿಯಲ್ಲಿ ಹನ್ನೊಂದೂವರೆ ಮಿ.ಮೀ. ಅವರ ಸಾಮಾನ್ಯ ಚಕ್ರ 33 ಇಂಚು, ಮಾದರಿಯಲ್ಲಿ ಒಂಬತ್ತೂವರೆ ಚಿಲ್ಲರೆ. ಎರಡು ಮಿ.ಮೀ. ಅಲ್ವಾ ಅನ್ನಬಹುದು. ಜೀವಮಾನವಿಡೀ ಆ ಚಕ್ರಗಳ ಪಕ್ಕ ನಡೆದವನ ಕಣ್ಣಿಗೆ ಅದು ತಕ್ಷಣ ಹೊಡೆಯುತ್ತದೆ. ವ್ಯಾಗನ್ ಕುಳ್ಳಗೆ ಕೂತಂತಿರುತ್ತದೆ.

ಕಪ್ಲರ್ ವಿಷಯದಲ್ಲಿ ಮಾತ್ರ ನಮಗೆ ಅದೃಷ್ಟ. ಬಾಕ್ಸ್‌ಎನ್‌ನ ತುದಿಯ ನಡುವಿನಲ್ಲಿರುವ ಸಿಬಿಸಿ ಅನ್ನುವ ಕಪ್ಲರ್ ಅಮೆರಿಕದ ಕಪ್ಲರ್ ಕುಟುಂಬದ್ದೇ. ಕೇಡೀ ಕಂಪನಿಯ ಪುಟ್ಟ ಕಪ್ಲರ್ ಹಾಕಿದರೆ ನೋಡಲೂ ಸರಿ, ಎಳೆಯಲೂ ಸರಿ. ಹಾಗಿದ್ದೂ ಕೆಲವರು ಬಾಕ್ಸ್‌ಎನ್‌ಗೆ ಎರಡು ಪಕ್ಕ ಬಫರ್, ಅಂದರೆ ಗುದ್ದು ತಡೆಯುವ ದುಂಡು ತಟ್ಟೆ, ಅಂಟಿಸಿರುತ್ತಾರೆ. ಬಫರ್, ಸ್ಕ್ರೂ ಕಪ್ಲಿಂಗ್ ಇದ್ದಿದ್ದು ಹಳೇ ನಾಲ್ಕು ಚಕ್ರದ ವ್ಯಾಗನ್‌ಗಳಲ್ಲಿ. ಅದು ಮಾಡಿದವರ ತಪ್ಪಲ್ಲ. ಅವರ ಕೈಗೆ ಸಿಕ್ಕಿದ್ದು ಯಾವುದೋ ಮಸುಕು ಫೋಟೊ.

ಇನ್ನು ಡಬ್ಬ. ನಿಜವಾದ ವ್ಯಾಗನ್ನಿನ ಪಕ್ಕದ ಉಕ್ಕಿನ ಹಾಳೆ ಐದಾರು ಮಿ.ಮೀ. ದಪ್ಪ. 87ರಿಂದ ಭಾಗಿಸಿದರೆ ಕಾಗದಕ್ಕಿಂತ ತೆಳು. ಅಷ್ಟು ತೆಳುವಾಗಿ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ಡಬ್ಬ ನಿಲ್ಲುವುದಿಲ್ಲ. ಅರ್ಧ ಮಿ.ಮೀ. ಶೀಟ್ ತಗೊಂಡು, ಮೇಲಿನ ಅಂಚನ್ನು ಮಾತ್ರ ಒಳಗಡೆಯಿಂದ ಉಜ್ಜಿ ತೆಳು ಮಾಡುತ್ತೇನೆ. ಕಣ್ಣು ನೋಡುವುದು ಆ ಅಂಚನ್ನೇ. ಅದು ತೆಳುವಾಗಿದ್ದರೆ ಇಡೀ ಡಬ್ಬ ತಗಡಿನದು ಅನಿಸುತ್ತದೆ. ಹೊರಗಿನ ಉದ್ದುದ್ದ ಕಂಬಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸಬೇಕು. ಈಗ ತ್ರೀಡಿ ಪ್ರಿಂಟರ್ ಬಂದಿದೆ. ಹುಡುಗರು ಅದರಲ್ಲಿ ಚೆನ್ನಾಗಿ ಮಾಡುತ್ತಾರೆ, ನನಗೆ ಸಂತೋಷವೇ. ಆದರೆ ಪ್ರಿಂಟರ್‌ಗೂ ಅಳತೆ ಕೊಡಬೇಕಲ್ಲ? ಕಂಬದಿಂದ ಕಂಬಕ್ಕೆ ಎಷ್ಟು ದೂರ, ಬಾಗಿಲಿನ ಕೀಲು ಎಲ್ಲಿ, ಹ್ಯಾಂಡ್‌ಬ್ರೇಕ್ ಚಕ್ರ ಯಾವ ತುದಿಯಲ್ಲಿ, ಖಾಲಿಗೂ ಲೋಡಿಗೂ ಬ್ರೇಕ್ ಬಲ ಬದಲಿಸುವ ಹಿಡಿ ಎಲ್ಲಿ. ಕೆಳಗಡೆ ಬ್ರೇಕ್ ಸಿಲಿಂಡರ್, ಗಾಳಿ ಟ್ಯಾಂಕು, ಪೈಪು, ಸರಳುಗಳು. ಇವೆಲ್ಲ ಊಹೆಯಿಂದ ಬರುವುದಿಲ್ಲ.

ತೂಕದ ಲೆಕ್ಕ ನನಗೆ ಬಹಳ ಇಷ್ಟ. ಖಾಲಿ ಬಾಕ್ಸ್‌ಎನ್ ಇಪ್ಪತ್ತೆರಡೂವರೆ ಟನ್ನಿನ ಹತ್ತಿರ ತೂಗುತ್ತದೆ. ಶುರುವಿನಲ್ಲಿ ಅದಕ್ಕೆ ಲೋಡ್ ಸೇರಿ 81.28 ಟನ್ ಮಿತಿ ಇತ್ತು. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಇಳಿಯುವುದರಿಂದ ತೂಕವನ್ನು 87ರಿಂದ ಮೂರು ಸಲ ಭಾಗಿಸಬೇಕು. ಖಾಲಿ ವ್ಯಾಗನ್ 34 ಗ್ರಾಂ ಆಗುತ್ತದೆ, ತುಂಬಿದ್ದು 123 ಗ್ರಾಂ. ಮೂವತ್ನಾಲ್ಕು ಗ್ರಾಂನ ವ್ಯಾಗನ್ ತಿರುವಿನಲ್ಲಿ ಹಳಿ ಬಿಡುತ್ತದೆ. ಅಮೆರಿಕದ ಎನ್‌ಎಂಆರ್‌ಎ ಅನ್ನುವ ಹವ್ಯಾಸಿಗಳ ಸಂಘ, 1935ರಲ್ಲಿ ಶುರುವಾದದ್ದು, ಇದಕ್ಕೊಂದು ಸೂತ್ರ ಕೊಟ್ಟಿದೆ. ಎಚ್‌ಒ ಗಾಡಿಗೆ ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ವ್ಯಾಗನ್‌ಗೆ ಅದು ಸುಮಾರು 97 ಗ್ರಾಂ. ಮುಚ್ಚಿದ ವ್ಯಾಗನ್ ಆದರೆ ಒಳಗೆ ನಟ್ಟು, ಸೀಸ ಏನಾದರೂ ಬಚ್ಚಿಡಬಹುದು. ಬಾಕ್ಸ್‌ಎನ್ ತೆರೆದ ಡಬ್ಬ, ಖಾಲಿ ಇದ್ದಾಗ ಬಚ್ಚಿಡಲು ಜಾಗವೇ ಇಲ್ಲ. ನೆಲದ ಕೆಳಗೆ ನಡು ತೊಲೆಯ ಎರಡೂ ಪಕ್ಕ ಸೀಸದ ಪಟ್ಟಿ ತುರುಕುತ್ತೇನೆ. ಬ್ರೇಕ್ ಸರಳುಗಳು ಅದನ್ನು ಮರೆಮಾಡುತ್ತವೆ.

ಲೋಡ್ ವಿಷಯಕ್ಕೆ ಬಂದರೆ ಒಂದು ಮಾತು ಹೇಳಲೇಬೇಕು. ಮಾದರಿ ಮಾಡುವವರು ಬಾಕ್ಸ್‌ಎನ್ ಮೇಲೆ ಗುಡ್ಡದ ಹಾಗೆ ಅದಿರು ಪೇರಿಸುತ್ತಾರೆ. ನೋಡಲು ಚೆಂದ. ಆದರೆ ಹಾಗೆ ತುಂಬುವುದು ಕಲ್ಲಿದ್ದಲು. ಕಬ್ಬಿಣದ ಅದಿರು ಭಾರ. ಅರ್ಧ ಡಬ್ಬದ ಆಸುಪಾಸಿಗೇ ತೂಕದ ಮಿತಿ ಮುಗಿದುಹೋಗುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದರೆ ಅದಿರಿನ ರೇಕ್ ಖಾಲಿ ಹೋಗುತ್ತಿದೆ ಅನ್ನಿಸುವುದು ಅದಕ್ಕೇ. ಫುಟ್‌ಓವರ್ ಬ್ರಿಡ್ಜ್ ಹತ್ತಿ ನೋಡಿದರೆ ಒಳಗೆ ಕೆಂಪಗೆ, ಲೋಡರ್ ಬಕೆಟ್ ಸುರಿದ ಕಡೆ ಗುಡ್ಡೆ, ನಡುವೆ ತಗ್ಗು. ಮಾದರಿಯಲ್ಲಿ ಅದಿರು ಮೇಲಂಚಿನಿಂದ ಒಂದು ಸೆಂಟಿಮೀಟರ್ ಕೆಳಗಿರಬೇಕು. ನಾನು ಸಂಡೂರಿನ ಅದಿರಿನ ಪುಡಿಯನ್ನೇ ಬಟ್ಟೆಯಲ್ಲಿ ಜರಡಿ ಹಿಡಿದು ಹಾಕುತ್ತೇನೆ. ಕಾರ್ಖಾನೆಗೆ ಹೋಗುವ ಗಟ್ಟಿ ಅದಿರಿನ ತುಂಡು ಹತ್ತರಿಂದ ಮೂವತ್ತು ಮಿ.ಮೀ. ಇರುತ್ತದೆ ಅಂತ ಇಟ್ಟುಕೊಂಡರೆ ಮಾದರಿಯಲ್ಲಿ ಅದು ಚಿರೋಟಿ ರವೆಗಿಂತ ದಪ್ಪ ಇರಬಾರದು. ನೀರು ಬೆರೆಸಿದ ಫೆವಿಕಾಲ್ ಹನಿಸಿ ಒಣಗಲು ಬಿಟ್ಟರೆ ಆಯಿತು. ಬೇರೆ ಬಣ್ಣ ಯಾವುದೂ ಆ ಕೆಂಪಿಗೆ ಹತ್ತಿರ ಬರುವುದಿಲ್ಲ.

ಹೊಸದಾಗಿ ಪೇಂಟ್ ಹೊಡೆದಂತಿರುವ ವ್ಯಾಗನ್ ಕೂಡ ನನ್ನ ಪ್ರಕಾರ ಅರ್ಧ ಮಾದರಿ. ದುಡಿದ ವ್ಯಾಗನ್ನಿನ ಮೇಲಂಚು ಲೋಡರ್ ಬಕೆಟ್ ತಾಗಿ ಅಲ್ಲಲ್ಲಿ ಬಗ್ಗಿರುತ್ತದೆ. ಟಿಪ್ಲರ್ ಅನ್ನುವ ಯಂತ್ರದಲ್ಲಿ ವ್ಯಾಗನ್ ಮಗುಚಿ ಲೋಡ್ ಸುರಿಯುವಾಗ ಹಿಡಿದುಕೊಳ್ಳುವ ಕ್ಲಾಂಪಿನ ಗುರುತು ಇರುತ್ತದೆ. ಪಕ್ಕದ ಹಾಳೆ ಸ್ವಲ್ಪ ಉಬ್ಬಿರುತ್ತದೆ. ಬಾಗಿಲಿನ ಸಂದಿಯಿಂದ ಪುಡಿ ಸೋರದಿರಲಿ ಅಂತ ಗೋಣಿಚೀಲದ ಚೂರು ತುರುಕಿರುತ್ತಾರೆ. ನಾನು ಒಂದು ವ್ಯಾಗನ್ನಿನ ಬಾಗಿಲಿಗೆ ಅದನ್ನೂ ಮಾಡಿದ್ದೇನೆ, ಹಳೇ ಗಾಯದ ಪಟ್ಟಿಯ ನೂಲು ಬಿಡಿಸಿ ಕಂದು ಬಣ್ಣ ಹಚ್ಚಿ.

ನಂಬರು ಇನ್ನೊಂದು. ಈಗಿನ ವ್ಯಾಗನ್ ಮೇಲೆ ಹನ್ನೊಂದು ಅಂಕಿ ಇರುತ್ತದೆ. ಮೊದಲ ಎರಡು ವ್ಯಾಗನ್ ಯಾವ ಬಗೆ ಅಂತ ಹೇಳುತ್ತವೆ. ಮುಂದಿನ ಎರಡು ಯಾವ ರೈಲ್ವೆಯದು ಅಂತ. ಆಮೇಲಿನ ಎರಡು ತಯಾರಾದ ವರ್ಷ. ನಾಲ್ಕು ಅದರ ಸ್ವಂತ ನಂಬರು. ಕೊನೆಯದು ತಾಳೆ ಅಂಕಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಬೇಕು. ಅದಕ್ಕೆ ಒಂದು, ಮೂರು, ಐದು, ಏಳು, ಒಂಬತ್ತನೇ ಜಾಗದವನ್ನು ಸೇರಿಸಬೇಕು. ಬಂದ ಮೊತ್ತ ಮುಂದಿನ ಹತ್ತಕ್ಕೆ ಎಷ್ಟು ಕಮ್ಮಿಯೋ ಅದೇ ಹನ್ನೊಂದನೇ ಅಂಕಿ. ಮಾದರಿಯ ಮೇಲೆ ಸುಮ್ನೆ ಬಾಯಿಗೆ ಬಂದ ಹನ್ನೊಂದು ಅಂಕಿ ಬರೆಯುವ ಬದಲು ಈ ಲೆಕ್ಕ ಮಾಡಿ ಬರೆದರೆ ಐದು ನಿಮಿಷವೂ ಹಿಡಿಯುವುದಿಲ್ಲ. ಮಕ್ಕಳಿಗೆ ಹೇಳಿಕೊಟ್ಟರೆ ಸ್ಟೇಷನ್‌ನಲ್ಲಿ ನಿಂತ ಗೂಡ್ಸ್ ಗಾಡಿಯ ನಂಬರು ನೋಡಿ ತಾವೇ ತಾಳೆ ಹಾಕುತ್ತಾರೆ. ನಮ್ಮ ಬೀದಿಯ ಮಕ್ಕಳು ಹಾಕುತ್ತಾರೆ.

ಇಷ್ಟೆಲ್ಲ ಹೇಳಿದ್ದು ಬಾಕ್ಸ್‌ಎನ್ ಬಗ್ಗೆ. ಅದು ಇನ್ನೂ ಹಳಿ ಮೇಲೆ ಕಾಣುತ್ತದೆ. ಅದರ ಜಾಗಕ್ಕೆ ಹಗುರವಾದ, ಜಾಸ್ತಿ ಹೊರುವ ಸ್ಟೇನ್‌ಲೆಸ್ ಸ್ಟೀಲ್ ಬಾಕ್ಸ್‌ಎನ್‌ಎಚ್‌ಎಲ್ ಬರುತ್ತಿದೆ. ಬರಲಿ, ಒಳ್ಳೆಯದೇ. ನನ್ನ ಚಿಂತೆ ಹೋದವುಗಳ ಬಗ್ಗೆ. ಸಿಆರ್‌ಟಿ ಅನ್ನುವ ನಾಲ್ಕು ಚಕ್ರದ ಮುಚ್ಚಿದ ವ್ಯಾಗನ್‌ನಲ್ಲಿ ಅಕ್ಕಿ, ಗೊಬ್ಬರ, ಸಿಮೆಂಟ್ ಎಲ್ಲ ಬರುತ್ತಿತ್ತು. ಈಗ ಓಡುವ ಗಾಡಿಯಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ. ಅದಕ್ಕಿಂತ ಕಷ್ಟ ಮೀಟರ್‌ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿಯ, ವ್ಯಾಗನ್‌ಗಳದ್ದು. 1992ರಲ್ಲಿ ಹಳಿಗಳನ್ನೆಲ್ಲ ಬ್ರಾಡ್‌ಗೇಜ್ ಮಾಡುವ ಯೂನಿಗೇಜ್ ಯೋಜನೆ ಶುರುವಾಯಿತು. ಆ ದಶಕದಲ್ಲೇ ಹೊಸಪೇಟೆ, ಹುಬ್ಬಳ್ಳಿ, ಲೋಂಡಾ, ಗೋವಾ ದಾರಿಯೆಲ್ಲ ಬ್ರಾಡ್‌ಗೇಜ್ ಆಯಿತು. ಅದಕ್ಕೂ ಮುಂಚೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 37ಕ್ಕೆ 1ರ ಇಳಿಜಾರಿನಲ್ಲಿ ಮೀಟರ್‌ಗೇಜ್ ಗಾಡಿಗಳು ಅದಿರು ಹೊತ್ತು ಇಳಿಯುತ್ತಿದ್ದವು. ಆ ಘಾಟಿನಲ್ಲಿ ಭಾರದ ಗಾಡಿಯನ್ನು ಹಿಡಿದು ಇಳಿಸಿದ ಬ್ರೇಕುಗಳು, ಆ ಡಬ್ಬಗಳು ಎಲ್ಲ ಗುಜರಿಗೆ ಹೋದವು. ಮ್ಯೂಸಿಯಂಗಳಲ್ಲಿ ಎಂಜಿನ್ ಉಳಿಸಿಕೊಂಡರು, ರಾಜರ ಸಲೂನು ಉಳಿಸಿಕೊಂಡರು. ಎಲ್ಲ ವ್ಯಾಗನ್ ಉಳಿಸಲು ಆಗುವುದಿಲ್ಲ, ಜಾಗ ಎಲ್ಲಿದೆ? ಆದರೆ ಒಂದು ನಕ್ಷೆ ಉಳಿಸಲು ಎಷ್ಟು ಜಾಗ ಬೇಕು?

ಇನ್ನೊಂದು ಸಂಗತಿ ಗಮನಿಸಿ. ಬ್ರಾಡ್‌ಗೇಜ್ ಮಾದರಿಗೆ ಸರಿಯಾದ ಹಳಿ ಸಿಗುವುದಿಲ್ಲ ಅಂದೆನಲ್ಲ, ಮೀಟರ್‌ಗೇಜ್‌ಗೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳು ಮೀಟರ್‌ಗೇಜ್. ಅವುಗಳ ಮಾದರಿಗಾಗಿ 12 ಮಿ.ಮೀ. ಹಳಿ, ಚಕ್ರ ಎಲ್ಲ ಯುರೋಪಿನಲ್ಲಿ ಮಾಡುತ್ತಾರೆ. ಲೆಕ್ಕಕ್ಕೆ ಬೇಕಾದ್ದು ಹನ್ನೊಂದೂವರೆ. ಅರ್ಧ ಮಿ.ಮೀ. ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದರೆ ನಮ್ಮ ಹಳೇ ಮೈಸೂರು ಸೀಮೆಯ, ಹುಬ್ಬಳ್ಳಿ ಕಡೆಯ ಗೂಡ್ಸ್ ಗಾಡಿಗಳನ್ನು ಬ್ರಾಡ್‌ಗೇಜ್‌ಗಿಂತ ಚೆನ್ನಾಗಿ ಮಾದರಿ ಮಾಡಬಹುದು. ಹಳಿ ಇದೆ, ಚಕ್ರ ಇದೆ, ಪ್ರಿಂಟರ್ ಇದೆ, ಮಾಡುವ ಹುಡುಗರಿದ್ದಾರೆ. ಇಲ್ಲದಿರುವುದು ನಕ್ಷೆ.

ಲಖನೌದ ಆರ್‌ಡಿಎಸ್‌ಒ ನಮ್ಮ ವ್ಯಾಗನ್‌ಗಳ ವಿನ್ಯಾಸ ಮಾಡುವ ಸಂಸ್ಥೆ. ವ್ಯಾಗನ್ ನಿರ್ವಹಣೆಯ ಕೈಪಿಡಿಯಲ್ಲಿ ಮುಖ್ಯ ಅಳತೆಗಳು ಸಿಗುತ್ತವೆ, ಅದಕ್ಕೆ ನಾವು ಋಣಿಗಳು. ಮಾದರಿ ಮಾಡುವವನಿಗೆ ಅಷ್ಟು ಸಾಲದು. ಓಡುತ್ತಿರುವ ವ್ಯಾಗನ್‌ಗಳ ಎಲ್ಲ ನಕ್ಷೆ ಕೊಡಲು ಇಲಾಖೆಗೆ ಅದರದ್ದೇ ಕಾರಣಗಳಿರಬಹುದು, ಅದನ್ನು ನಾನು ಒಪ್ಪುತ್ತೇನೆ. ಗುಜರಿಗೆ ಹೋಗಿ ಮೂವತ್ತು ವರ್ಷ ಆದ ವ್ಯಾಗನ್ನಿನ ನಕ್ಷೆಯಲ್ಲಿ ಗುಟ್ಟು ಏನಿದೆ?

ಅಳೆಯಲು ಬಿಡಿ ಅಂದದ್ದಕ್ಕೂ ಕಾರಣ ಇದೆ. ನನ್ನ ಹತ್ತಿರ ಕಲಿಯಲು ಬರುವ ಒಬ್ಬ ಡಿಪ್ಲೊಮಾ ಹುಡುಗ ಟೇಪು, ನೋಟ್‌ಬುಕ್ಕು ಹಿಡಿದು ಒಂದು ಗೂಡ್ಸ್ ಶೆಡ್‌ಗೆ ಹೋಗಿದ್ದ. ಕಳ್ಳನನ್ನು ನೋಡಿದಂತೆ ನೋಡಿ ಓಡಿಸಿದರಂತೆ. ಅವನಿಗೆ ಬಹಳ ಬೇಜಾರಾಯಿತು. ಅಲ್ಲಿಯ ಸಿಬ್ಬಂದಿಯನ್ನು ನಾನು ಪೂರ್ತಿ ದೂರುವುದಿಲ್ಲ. ಯಾರ್ಡ್ ಆಟದ ಜಾಗವಲ್ಲ. ಮೇಲೆ 25,000 ವೋಲ್ಟ್ ತಂತಿ ಇರುವ ಕಡೆ ವ್ಯಾಗನ್ ಹತ್ತಿದರೆ ತಂತಿ ಮುಟ್ಟಬೇಕಾಗಿಯೂ ಇಲ್ಲ, ಹತ್ತಿರ ಹೋದರೆ ಸಾಕು, ಪ್ರಾಣ ಹೋಗುತ್ತದೆ. ನಿಂತ ರೇಕ್ ಯಾವಾಗ ಬೇಕಾದರೂ ಜಗ್ಗಬಹುದು. ಈ ಪತ್ರ ಓದಿ ಯಾವ ಹುಡುಗನೂ ಒಬ್ಬನೇ ಯಾರ್ಡ್‌ಗೆ ಹೋಗಬಾರದು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಕ್ಕೇ ಹೇಳುತ್ತಿರುವುದು, ಇಲಾಖೆಯೇ ಒಂದು ದಿನ ಗೊತ್ತು ಮಾಡಲಿ. ರಿಪೇರಿಗೆ ಬಂದ ಒಂದು ವ್ಯಾಗನ್ನನ್ನು ತಂತಿ ಇಲ್ಲದ ಲೈನಿನಲ್ಲಿ, ಚಕ್ರಕ್ಕೆ ತಡೆ ಕೊಟ್ಟು ನಿಲ್ಲಿಸಲಿ. ಒಬ್ಬ ಸೂಪರ್‌ವೈಸರ್ ಜೊತೆಗಿರಲಿ. ಹೆಲ್ಮೆಟ್ ಹಾಕಿಕೊಂಡು, ಹೆಸರು ಬರೆಸಿ, ಹತ್ತು ಜನ ಬಂದು ಅಳೆದುಕೊಂಡು ಹೋಗಲಿ. ಇಲಾಖೆಗೆ ಇದು ಹೊರೆಯಲ್ಲ.

ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ಶುರುವಾಯಿತು. ಹುಬ್ಬಳ್ಳಿಯದು 2020ರಲ್ಲಿ. ಎರಡೂ ನಮ್ಮ ಹೆಮ್ಮೆ. ಅಲ್ಲಿ ಒಂದು ಪೂರ್ತಿ ಅದಿರಿನ ರೇಕ್ ಮಾದರಿ ಇಡಬೇಕು ಅನ್ನುವುದು ನನ್ನ ಆಸೆ. 58 ಬಾಕ್ಸ್‌ಎನ್, ಹಿಂದೆ ಗಾರ್ಡ್ ಕೂರುವ ಬ್ರೇಕ್‌ವ್ಯಾನ್. ಎಚ್‌ಒ ಅಳತೆಯಲ್ಲಿ ವ್ಯಾಗನ್‌ಗಳೇ ಏಳು ಮೀಟರ್ ಚಿಲ್ಲರೆ ಆಗುತ್ತವೆ. ಯಾರ ಮನೆಯಲ್ಲೂ ಅಷ್ಟು ಜಾಗ ಇಲ್ಲ, ಮ್ಯೂಸಿಯಂನ ಒಂದು ಗೋಡೆಗೆ ಅದು ಹೊಂದುತ್ತದೆ. ಏಳು ಮೀಟರ್ ಉದ್ದಕ್ಕೂ ನಡೆದು ನೋಡಿದ ಮಗುವಿಗೆ ಗೂಡ್ಸ್ ಗಾಡಿ ಎಷ್ಟು ಉದ್ದ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪುಣೆಯ ಜೋಶಿ ಅವರ ಪುಟ್ಟ ರೈಲುಗಳ ಮ್ಯೂಸಿಯಂಗೆ ಶಾಲೆಯ ಮಕ್ಕಳು ಸಾಲುಗಟ್ಟಿ ಹೋಗುತ್ತಾರೆ. ನಮ್ಮಲ್ಲೂ ಬರುತ್ತಾರೆ. ಅಳತೆ ಸಿಕ್ಕರೆ ನಮ್ಮಂಥ ಹವ್ಯಾಸಿಗಳು ಸೇರಿ ಕೂಲಿ ಇಲ್ಲದೆ ಮಾಡಿಕೊಡುತ್ತೇವೆ. ಸಾಮಾನಿನ ಖರ್ಚು ಮಾತ್ರ ಇಲಾಖೆ ನೋಡಿಕೊಳ್ಳಲಿ.

ನೌಕರಿಯಲ್ಲಿದ್ದಾಗ ಅಳೆದು ಬರೆದಿಟ್ಟ ಡೈರಿಗಳು ನನ್ನ ಹತ್ತಿರ ಇವೆ. ಬಾಕ್ಸ್‌ಎನ್, ಬಿಸಿಎನ್ ಅನ್ನುವ ಮುಚ್ಚಿದ ವ್ಯಾಗನ್, ಬಿಟಿಪಿಎನ್ ಟ್ಯಾಂಕ್ ವ್ಯಾಗನ್, ಬ್ರೇಕ್‌ವ್ಯಾನ್, ಜೊತೆಗೆ ಕೆಲವು ಮೀಟರ್‌ಗೇಜ್ ವ್ಯಾಗನ್‌ಗಳ ಅಳತೆ ಅದರಲ್ಲಿದೆ. ಬೇಕಾದವರು ಪತ್ರಿಕೆಯ ಕಚೇರಿಗೆ ಒಂದು ಕಾರ್ಡ್ ಹಾಕಲಿ, ತಾವು ಅದನ್ನು ನನಗೆ ತಲುಪಿಸಿದರೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಹಾಗೆಯೇ ಯಾರ ಮನೆಯಲ್ಲಾದರೂ ಹಳೇ ಗಾರ್ಡ್, ಫಿಟ್ಟರ್, ಟಿಎಕ್ಸ್‌ಆರ್ ಇದ್ದವರ ಪೆಟ್ಟಿಗೆಯಲ್ಲಿ ಮೀಟರ್‌ಗೇಜ್ ವ್ಯಾಗನ್‌ಗಳ ಫೋಟೊ, ನಕ್ಷೆ, ಕೈಬರಹದ ಅಳತೆ ಏನಾದರೂ ಉಳಿದಿದ್ದರೆ ರದ್ದಿಗೆ ಹಾಕುವ ಮುಂಚೆ ದಯವಿಟ್ಟು ತಿಳಿಸಿ.

ಇಂತಿ,
ನಿವೃತ್ತ ಟ್ರೇನ್ ಎಕ್ಸಾಮಿನರ್,
ಹೊಸಪೇಟೆ